ಕುದುರೆ ಕೆಳಗಿರುವ ಕೋವಿ: ಕಿಟ್ ಜೋಡಿಸುವುದರಿಂದ ಮೊದಲ ಈಡಿನವರೆಗೆ

ಕೇಪಿನ ಕೋವಿ ಅಂದ್ರೆ ನಮ್ಮ ಕಡೆಯವರ ಕಣ್ಮುಂದೆ ಬರುವುದು ಬಲಗಡೆ ಕುದುರೆ ಇರುವ ಉದ್ದನೆಯ ಕೋವಿ. ಕೇಪು ಅಂದ್ರೆ ಬಡಿದಾಗ ಸಿಡಿದು ಮದ್ದಿಗೆ ಬೆಂಕಿ ಕೊಡುವ ಪುಟ್ಟ ಲೋಹದ ಟೋಪಿ, ಅದನ್ನು ಬಡಿಯುವ ಭಾಗವೇ ಕುದುರೆ. ಸೋಮವಾರಪೇಟೆ ಹತ್ತಿರದ ನಮ್ಮ ಮನೆಯಲ್ಲಿದ್ದದ್ದೂ ಅದೇ. ನಾನೀಗ ಇರುವ ಅಮೆರಿಕದ ವರ್ಮಾಂಟ್‌ನಲ್ಲಿ ಇದರ ಇನ್ನೊಂದು ಜಾತಿ ಇದೆ. ಅದರಲ್ಲಿ ಕುದುರೆ ನಳಿಗೆಯ ಅಡಿಗೆ, ಟ್ರಿಗರ್‌ಗಿಂತ ಸ್ವಲ್ಪ ಮುಂದೆ ಇರುತ್ತದೆ. ಇಲ್ಲಿಯವರು ಅಂಡರ್‌ಹ್ಯಾಮರ್ ಅನ್ನುತ್ತಾರೆ. ಮೂತಿಯಿಂದ ಮದ್ದು ತುಂಬುವ ಕೋವಿಯನ್ನು ಸ್ವಂತ ಕೈಯಲ್ಲಿ ಜೋಡಿಸಿ ಹೊಡೆಯುವ ಆಸೆ ಇದ್ದವರು ಇದರಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಕಾನೂನಿನ ಮಾತು. ಅಮೆರಿಕದ 1968ರ ಬಂದೂಕು ಕಾಯ್ದೆಯಲ್ಲಿ ಇಂಥ ಹಳೆಯ ಮಾದರಿಯ ಕೋವಿಗಳಿಗೆ ವಿನಾಯಿತಿ ಇದೆ. ಆದರೆ ಒಂದೊಂದು ರಾಜ್ಯದ ನಿಯಮ ಒಂದೊಂದು ಥರ. ನಿಮ್ಮ ರಾಜ್ಯದ್ದು ಓದಿಕೊಂಡೇ ಕಿಟ್ (ಜೋಡಿಸಲು ಬರುವ ಬಿಡಿಭಾಗಗಳ ಕಟ್ಟು) ತರಿಸಿ. ಊರಲ್ಲಿರುವವರು ಮಾತ್ರ ಇದನ್ನು ಓದಿಕೊಳ್ಳಿ, ಮಾಡಲು ಹೋಗಬೇಡಿ. ಭಾರತದ 1959ರ ಆಯುಧ ಕಾಯ್ದೆಗೆ ಕೇಪಿನ ಕೋವಿಯೂ ಬಂದೂಕೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನಲ್ಲಿ ತಲೆಮಾರಿನಿಂದ ಬಂದ ಜಮೀನಿನವರಿಗೂ) ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತಯಾರಿಸುವುದಕ್ಕಲ್ಲ.

ಈ ಕೋವಿಯ ಊರು ಹುಡುಕಿದರೆ ಸಿಗುವುದು ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್. 1830ರ ದಶಕದಲ್ಲಿ ವರ್ಮಾಂಟ್‌ನ ವಿಂಡ್ಸರ್‌ನಲ್ಲಿ ನಿಕೇನರ್ ಕೆಂಡಾಲ್ ಎಂಬವನು ಇವನ್ನು ಮಾಡಿಸುತ್ತಿದ್ದ. ಕೆಲಸ ನಡೆಯುತ್ತಿದ್ದದ್ದು ಅಲ್ಲಿನ ಜೈಲಿನಲ್ಲಿ, ಕೈದಿಗಳ ಕೈಯಲ್ಲಿ. ಮುಂದೆ ಅವನು ರಾಬಿನ್ಸ್, ಲಾರೆನ್ಸ್ ಎಂಬಿಬ್ಬರ ಜೊತೆ ಸೇರಿಕೊಂಡ. ಆ ಕಂಪನಿ 1846ರಲ್ಲಿ ಕಟ್ಟಿದ ಇಟ್ಟಿಗೆಯ ಕಾರ್ಖಾನೆಯೇ ಈಗಿನ ಅಮೆರಿಕನ್ ಪ್ರಿಸಿಷನ್ ಮ್ಯೂಸಿಯಂ. ಈ ಕಡೆ ಬಂದರೆ ತಪ್ಪದೆ ನೋಡಿ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ವಿಲಿಯಂ ಬಿಲ್ಲಿಂಗ್‌ಹರ್ಸ್ಟ್ ಮಾಡಿದ ಅಂಡರ್‌ಹ್ಯಾಮರ್‌ಗಳು ಗುರಿಗೆ ಇನ್ನೂ ಹೆಸರುವಾಸಿ.

ಇದನ್ನೇ ಯಾಕೆ ಹೇಳುತ್ತಿದ್ದೇನೆ ಅಂದ್ರೆ, ಕುದುರೆ ಪಕ್ಕದಲ್ಲಿದ್ದರೆ ಕೇಪಿನ ಬೆಂಕಿ ಸಾಮಾನ್ಯವಾಗಿ ಒಂದು ತಿರುವು ದಾಟಿ ಮದ್ದಿಗೆ ಹೋಗಬೇಕು. ಆ ತಿರುವಿನಲ್ಲಿ ಎಣ್ಣೆ, ಮಸಿ ಕಟ್ಟಿಕೊಂಡರೆ ಕೇಪು ಟಪ್ ಅನ್ನುತ್ತದೆ, ಕೋವಿ ಹಾರುವುದಿಲ್ಲ. ಅಂಡರ್‌ಹ್ಯಾಮರ್‌ನಲ್ಲಿ ನಿಪ್ಪಲ್, ಅಂದರೆ ಕೇಪು ಕೂರುವ ಸಣ್ಣ ಕೊಳವೆ, ನೇರವಾಗಿ ನಳಿಗೆಯ ತಳಕ್ಕೇ ತಿರುಪು ಹಾಕಿ ಕೂತಿರುತ್ತದೆ. ಬೆಂಕಿಗೆ ನೆಟ್ಟಗಿನ ದಾರಿ. ಕೇಪಿನ ಚೂರುಗಳು ಮುಖದ ಹತ್ತಿರ ಸಿಡಿಯುವುದಿಲ್ಲ, ಕೆಳಗೆ ಹೋಗುತ್ತವೆ. ಗುರಿ ನೋಡುವಾಗ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಭಾಗಗಳೂ ತೀರ ಕಡಿಮೆ: ಕುದುರೆ, ಟ್ರಿಗರ್, ಒಂದು ಸ್ಪ್ರಿಂಗು, ಒಂದೆರಡು ಪಿನ್ನು. ಕೆಲವು ಮಾದರಿಗಳಲ್ಲಿ ಟ್ರಿಗರ್ ಸುತ್ತ ಬಾಗಿರುವ ಪಟ್ಟಿಯೇ ಕುದುರೆಯ ಸ್ಪ್ರಿಂಗ್ ಕೂಡ. ಇಷ್ಟು ಅಚ್ಚುಕಟ್ಟಾದ ಯಂತ್ರ ನೋಡಿದರೆ ಖುಷಿಯಾಗುತ್ತದೆ, ಅಲ್ವಾ?

ಕಿಟ್ ಕೊಳ್ಳುವಾಗ ಒಂದೇ ಹಟ ಇಟ್ಟುಕೊಳ್ಳಿ. ನಳಿಗೆ ಒಳ್ಳೆಯ ತಯಾರಕರದ್ದೇ ಆಗಿರಬೇಕು. ಅದರ ಹಿಂದಿನ ಬಿರಡೆ ಮತ್ತು ನಿಪ್ಪಲ್ ಕೂರುವ ತೂತನ್ನು ಅವರೇ ಮಾಡಿ, ಪರೀಕ್ಷೆ ಮಾಡಿ ಕೊಟ್ಟಿರಬೇಕು. ಮನೆಯಲ್ಲಿ ಪೈಪು ತಂದು ನಳಿಗೆ ಮಾಡುವ ಯೋಚನೆಯೇ ಬೇಡ. ನಳಿಗೆ ಒಡೆದರೆ ಕಣ್ಣೋ ಕೈಯೋ ಹೋಗುತ್ತದೆ. ಕುದುರೆ ಮತ್ತು ಟ್ರಿಗರ್ ಕಚ್ಚಿಕೊಳ್ಳುವ ಅಂಚನ್ನೂ ನೀವು ಉಜ್ಜಬೇಡಿ. ಟ್ರಿಗರ್ ಬಿಗಿ ಅನ್ನಿಸಿದರೆ ಗನ್‌ಸ್ಮಿತ್ ಹತ್ತಿರ ಕೊಂಡುಹೋಗಿ. ಉಳಿದದ್ದೆಲ್ಲ ನಿಮ್ಮ ಕೆಲಸ, ಅದು ಬೇಕಾದಷ್ಟಿದೆ.

ಮರದಿಂದ ಶುರು ಮಾಡಿ. ಕಿಟ್‌ನಲ್ಲಿ ಬರುವ ವಾಲ್ನಟ್ ಹಿಡಿಯನ್ನು ಮುಕ್ಕಾಲುಪಾಲು ಕೆತ್ತಿಯೇ ಕಳಿಸಿರುತ್ತಾರೆ. ಆದರೆ ಕಬ್ಬಿಣ ಅದರೊಳಗೆ ಸರಿಯಾಗಿ ಕೂರುವುದಿಲ್ಲ. ಕೂತ ಹಾಗೆ ಕಾಣುತ್ತದೆ, ಅಷ್ಟೇ. ಎಲ್ಲಿ ತಾಗುತ್ತಿದೆ ಅಂತ ಕಂಡುಹಿಡಿಯಲು ಒಂದು ಹಳೆಯ ಉಪಾಯವಿದೆ. ಸೀಮೆಎಣ್ಣೆ ಬುಡ್ಡಿಯ ಹೊಗೆಗೆ ಕಬ್ಬಿಣದ ಭಾಗ ಹಿಡಿದು ತೆಳ್ಳಗೆ ಮಸಿ ಹತ್ತಿಸಿ. ಹಾಗೇ ಮರದೊಳಗೆ ಕೂರಿಸಿ, ಮರದ ಸುತ್ತಿಗೆಯಿಂದ ಮೆತ್ತಗೆ ಒಂದು ತಟ್ಟು ಕೊಟ್ಟು, ನೇರ ಮೇಲಕ್ಕೆತ್ತಿ. ಮರದ ಮೇಲೆ ಕಪ್ಪು ಚುಕ್ಕೆ ಬಿದ್ದ ಕಡೆ ಮಾತ್ರ ಉಳಿಯಿಂದ ಸಿಪ್ಪೆಯಷ್ಟು ತೆಗೆಯಿರಿ. ಮತ್ತೆ ಮಸಿ, ಮತ್ತೆ ಕೂರಿಸಿ, ಮತ್ತೆ ಸಿಪ್ಪೆ. ಮೊದಮೊದಲು ಎರಡೋ ಮೂರೋ ದಪ್ಪ ಚುಕ್ಕೆ ಕಾಣುತ್ತವೆ. ಬರುಬರುತ್ತಾ ಚುಕ್ಕೆಗಳು ಸಣ್ಣದಾಗಿ, ಜಾಸ್ತಿಯಾಗಿ, ಕೊನೆಗೆ ಇಡೀ ಗುಂಡಿಯ ತಳ ಬೂದುಬಣ್ಣಕ್ಕೆ ತಿರುಗುತ್ತದೆ. ಆಗ ನಿಲ್ಲಿಸಿ. ಒದೆತ ಬೀಳುವುದು ಕಬ್ಬಿಣದ ಹಿಂಭಾಗ ಮರಕ್ಕೆ ತಾಗುವ ಜಾಗಕ್ಕೆ. ಅಲ್ಲಿ ಪೂರ್ತಿ ಅಗಲಕ್ಕೂ ಮಸಿ ಹತ್ತಲೇಬೇಕು. ಒಂದು ಮೂಲೆ ಮಾತ್ರ ತಾಗುತ್ತಿದ್ದರೆ ಕೆಲವೇ ದಿನದಲ್ಲಿ ಮರ ಸೀಳು ಬಿಡುತ್ತದೆ.

ಇನ್ನು ನಳಿಗೆಯ ಹೊರಮೈ. ಎಂಟು ಮೂಲೆಯ ನಳಿಗೆ, ಅದರ ತುಂಬ ಯಂತ್ರದ ಗೀರು. ಅರವನ್ನು ಎರಡೂ ಕೈಯಲ್ಲಿ ನಳಿಗೆಗೆ ಅಡ್ಡವಾಗಿ ಹಿಡಿದು, ಉದ್ದಕ್ಕೆ ಎಳೆಯಬೇಕು. ಅರದ ಹಲ್ಲಿಗೆ ಸೀಮೆಸುಣ್ಣ ಉಜ್ಜಿಕೊಳ್ಳಿ, ಇಲ್ಲದಿದ್ದರೆ ಕಬ್ಬಿಣದ ಪುಡಿ ಸಿಕ್ಕಿಕೊಂಡು ಹೊಸ ಗೀರು ಎಳೆಯುತ್ತದೆ. ಒಂದು ಮೈ ಮುಗಿಯುವವರೆಗೆ ಇನ್ನೊಂದಕ್ಕೆ ಹೋಗಬೇಡಿ. ಮೂಲೆಗಳು ಚೂಪಾಗಿಯೇ ಉಳಿಯಬೇಕು. ಆಮೇಲೆ 220, 320ರ ಎಮರಿ ಕಾಗದ, ಎರಡು ಹನಿ ಎಣ್ಣೆ. ನಳಿಗೆಯ ಬಾಯಂಚನ್ನು ಮಾತ್ರ ಮುಟ್ಟಬೇಡಿ. ಗುಂಡು ಕೊನೆಗೆ ಬಿಟ್ಟುಹೋಗುವುದು ಆ ಅಂಚನ್ನು. ಅಲ್ಲಿ ಒಂದು ಕಡೆ ಸವೆದರೂ ಗುರಿ ಹೋಯಿತು.

ಬಣ್ಣಕ್ಕೆ ನಾನು ಕಂದು ತುಕ್ಕನ್ನೇ ಮೆಚ್ಚುತ್ತೇನೆ. ನಳಿಗೆಯ ಎಣ್ಣೆಪಸೆ ಪೂರ್ತಿ ತೆಗೆದು, ಬಾಯಿಗೆ ಮರದ ಬಿರಡೆ ಹಾಕಿ, ಬ್ರೌನಿಂಗ್ ದ್ರಾವಣವನ್ನು ತೆಳ್ಳಗೆ ಸವರಿ ತೇವ ಇರುವ ಕಡೆ ನೇತುಹಾಕಿ. ವರ್ಮಾಂಟ್ ಚಳಿಗಾಲದಲ್ಲಿ ಹೀಟರಿನಿಂದಾಗಿ ಮನೆ ಒಣಗಿ ಹೋಗಿರುತ್ತದೆ, ತುಕ್ಕೇ ಹಿಡಿಯಲ್ಲ. ಹಾಗಾಗಿ ಬಿಸಿನೀರು ಬಿಟ್ಟ ಬಚ್ಚಲುಮನೆಯೇ ಗತಿ. ಕೆಲವು ಗಂಟೆ ಬಿಟ್ಟು ಒರಟು ಬಟ್ಟೆಯಿಂದ ತಿಕ್ಕಿ, ಮತ್ತೆ ಸವರಿ. ಬೇಕಾದ ಬಣ್ಣ ಬಂದಾಗ ಅಡುಗೆ ಸೋಡಾ ಕರಗಿಸಿದ ಬಿಸಿನೀರಲ್ಲಿ ತೊಳೆದು ಎಣ್ಣೆ ಹಚ್ಚಿ. ಮರಕ್ಕೆ ಅಗಸೆ ಎಣ್ಣೆ, ತೆಳುವಾಗಿ, ಅಂಗೈಯಿಂದ ಉಜ್ಜಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನ್ನಷ್ಟಕ್ಕೇ ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ.

ಈಗ ಮದ್ದು. ಇದಕ್ಕೆ ಕರಿಮದ್ದು ಒಂದೇ, ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಹಳೆಯ ಮದ್ದು. ಅಥವಾ ಅದರ ಬದಲಿಗೆಂದೇ ಮಾರುವ ಪುಡಿ. ತೋಟಾಕ್ಕೆ ಹಾಕುವ ಹೊಗೆಯಿಲ್ಲದ ಮದ್ದನ್ನು ಚಿಟಿಕೆಯಷ್ಟೂ ಹಾಕಬಾರದು. ಅದರ ಒತ್ತಡವನ್ನು ಈ ನಳಿಗೆ ತಡೆಯುವುದಿಲ್ಲ. ನನ್ನದು 45 ಕ್ಯಾಲಿಬರ್, ಅಂದರೆ ಬಾಯಿ ಸುಮಾರು 11.4 ಮಿಲಿಮೀಟರ್. ಅದಕ್ಕೆ 0.440 ಇಂಚಿನ ಮೆತ್ತನೆ ಸೀಸದ ಗುಂಡು. ಗುಂಡಿನ ಸುತ್ತ 0.015 ಇಂಚು ದಪ್ಪದ ಹತ್ತಿ ಬಟ್ಟೆಯ ಚೂರು. ಮದ್ದು ಮೂರು ಎಫ್ (FFF) ಅನ್ನುವ ಸಣ್ಣ ಕಾಳಿನದು. 40 ಗ್ರೇನ್‌ನಿಂದ (ಗ್ರೇನ್ ಅಂದರೆ ಮದ್ದಿನ ಅಳತೆ) ಶುರು ಮಾಡಿ, ಐದೈದು ಏರಿಸುತ್ತಾ ಗುರಿ ಎಲ್ಲಿ ಕೂಡುತ್ತದೆ ನೋಡಿದೆ. ನಿಮ್ಮ ನಳಿಗೆಗೆ ಎಷ್ಟರಿಂದ ಶುರು, ಗರಿಷ್ಠ ಎಷ್ಟು ಅನ್ನುವುದು ತಯಾರಕರ ಕೈಪಿಡಿಯಲ್ಲಿರುತ್ತದೆ. ಗರಿಷ್ಠ ದಾಟುವ ಮಾತೇ ಇಲ್ಲ.

ತುಂಬುವ ಕ್ರಮ ಹೀಗೆ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಖಾಲಿ ಕೋವಿಗೆ ಒಂದೆರಡು ಕೇಪು ಹೊಡೆದು ನಿಪ್ಪಲ್‌ನ ಎಣ್ಣೆ ಸುಡಿ. ಮೂತಿಯನ್ನು ಒಂದು ಹುಲ್ಲುಕಡ್ಡಿಯ ಹತ್ತಿರ ಹಿಡಿದು ಹೊಡೆದಾಗ ಹುಲ್ಲು ಅಲ್ಲಾಡಿದರೆ ದಾರಿ ತೆರೆದಿದೆ ಅಂತ ಅರ್ಥ. ಆಮೇಲೆ ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ಮೂತಿ ಮುಖದಿಂದ ದೂರ ಇರಲಿ. ಮದ್ದನ್ನು ಅಳತೆಯ ಕೊಳವೆಗೆ ಸುರಿದು, ಕೊಳವೆಯಿಂದ ನಳಿಗೆಗೆ. ಡಬ್ಬಿಯಿಂದ ನೇರವಾಗಿ ಎಂದೂ ಸುರಿಯಬೇಡಿ. ಹಿಂದಿನ ಈಡಿನ ಕಿಡಿ ಒಳಗಿದ್ದರೆ ಇಡೀ ಡಬ್ಬಿ ಕೈಯಲ್ಲೇ ಸಿಡಿಯುತ್ತದೆ.

ಬಟ್ಟೆಗೆ ಜಿಡ್ಡು ಹಚ್ಚಿ ಬಾಯ ಮೇಲಿಟ್ಟು, ಅದರ ಮೇಲೆ ಗುಂಡು. ಗಿಡ್ಡ ಕೋಲಿನಿಂದ ಮೊದಲು ಒಳಗೆ ದೂಡಿ. ಆಮೇಲೆ ಗಜದಿಂದ, ಅಂದರೆ ಗುಂಡು ಇಳಿಸುವ ಉದ್ದ ಕೋಲಿನಿಂದ, ಗೇಣುಗೇಣಾಗಿ ಇಳಿಸಿ. ಗಜವನ್ನು ತುದಿಯಲ್ಲಿ ಹಿಡಿದು ಒಂದೇ ಸಲ ಒತ್ತಿದರೆ ಮುರಿದು ಕೈಗೆ ಚುಚ್ಚುತ್ತದೆ. ಗುಂಡು ಮದ್ದಿನ ಮೇಲೆ ಕೂರಲೇಬೇಕು. ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಇದಕ್ಕೇ ಗಜದ ಮೇಲೆ ಎರಡು ಗುರುತು ಹಾಕಿಕೊಳ್ಳಿ, ಖಾಲಿ ನಳಿಗೆಗೆ ಒಂದು, ತುಂಬಿದ್ದಕ್ಕೆ ಒಂದು. ಪ್ರತಿ ಈಡಿಗೂ ಗುರುತು ಬಾಯಿಗೆ ಸರಿಹೋಗಬೇಕು. ಗಜ ಹೊರಗೆ ತೆಗೆದಿದ್ದೀರಾ ಅಂತ ಮತ್ತೊಮ್ಮೆ ನೋಡಿ.

ಕೇಪು ಕೊನೆಗೆ. ಹೊಡೆಯುವ ಜಾಗದಲ್ಲಿ ನಿಂತು, ಮೂತಿ ಗುರಿಯ ಕಡೆಗೆ ಇದ್ದಾಗ ಮಾತ್ರ. ಹಲವು ಅಂಡರ್‌ಹ್ಯಾಮರ್‌ಗಳಲ್ಲಿ ಕುದುರೆಯನ್ನು ಅರ್ಧಕ್ಕೆ ನಿಲ್ಲಿಸುವ ಏರ್ಪಾಡೇ ಇಲ್ಲ. ಹಾಗಾಗಿ ಕೇಪು ಹಾಕಿದ ಕೋವಿ ಹಿಡಿದು ಓಡಾಡುವಂತಿಲ್ಲ. ಕೋವಿಯನ್ನು ಸ್ವಲ್ಪ ಮಗ್ಗುಲಿಗೆ ತಿರುಗಿಸಿ, ಕುದುರೆ ಎಳೆದು, ಕೇಪನ್ನು ಒತ್ತಿ ಕೂರಿಸಿ. ಸಡಿಲ ಇದ್ದರೆ ಬಿದ್ದುಹೋಗುತ್ತದೆ. ಬೆರಳಲ್ಲಿ ಚೂರೇ ಅಮುಕಿ ಅಂಡಾಕಾರ ಮಾಡಿಕೊಂಡರೆ ಕಚ್ಚಿ ನಿಲ್ಲುತ್ತದೆ. ಆಸರೆಯ ಕೈ ಕುದುರೆಗಿಂತ ಮುಂದಿರಲಿ, ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳಿ. ಕಿಡಿ ಬೀಳುವುದು ಕೆಳಗೇ. ಮರಳುಚೀಲದ ಮೇಲಿಟ್ಟು ಹೊಡೆಯುವವರು ಕುದುರೆಗೆ ಚೀಲ ಅಡ್ಡ ಬರುತ್ತಿಲ್ಲ ತಾನೇ ಅಂತ ನೋಡಿ. ಪಕ್ಕದ ಕುದುರೆಯ ಕೋವಿ ರೂಢಿಯಾದವರು ಮರೆಯುವುದು ಇದನ್ನೇ.

ಕೇಪು ಹಾರಿ ಈಡು ಹಾರದಿದ್ದರೆ, ಮೂತಿ ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ. ತಡವಾಗಿ ಹಾರುವುದುಂಟು. ಆಮೇಲೆ ಹೊಸ ಕೇಪು. ಆಗಲೂ ಹಾರದಿದ್ದರೆ ರೇಂಜಿನ ಅನುಭವಸ್ಥರನ್ನು ಕರೆಯಿರಿ. ಬಾಯಿಯಿಂದ ನಳಿಗೆ ಊದುವ ಚಾಳಿ ಕೆಲವರಿಗಿದೆ. ನೀವು ಕಲಿಯಬೇಡಿ.

ಮೊದಲ ದಿನ 25 ಗಜದ (ಯಾರ್ಡ್) ದೂರ ಸಾಕು, ಆಮೇಲೆ 50. ಈಡು ಮುಗಿದ ಮೇಲೆ, ಎಲ್ಲರೂ ಕೋವಿ ಕೆಳಗಿಟ್ಟಾಗ, ಮುಂದೆ ಹೋಗಿ ಬಿದ್ದ ಬಟ್ಟೆಚೂರು ಹೆಕ್ಕಿ ತನ್ನಿ. ಕೋವಿಯೊಳಗೆ ಏನು ನಡೆಯಿತು ಅಂತ ಹೇಳುವುದು ಅದು. ಚೂರು ದುಂಡಗೆ ಉಳಿದು, ನಡುವೆ ಮಸಿಯ ಮಚ್ಚೆ, ಅಂಚು ಮಾತ್ರ ಜೂಲಾಗಿದ್ದರೆ ಎಲ್ಲ ಸರಿ ಇದೆ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು ಅಥವಾ ಜಿಡ್ಡು ಸಾಲದು. ಗುಂಡು ಕೂರುವ ಸುತ್ತಳತೆಯಲ್ಲಿ ಬ್ಲೇಡಿನಿಂದ ಸೀಳಿದ ಹಾಗೆ ಗೆರೆಗಳಿದ್ದರೆ ನಳಿಗೆಯ ಬಾಯಂಚೋ ಒಳಗಿನ ಸುರುಳಿ ಗೆರೆಗಳ ಅಂಚೋ ಇನ್ನೂ ಚೂಪಾಗಿದೆ. ಹೊಸ ನಳಿಗೆಯಲ್ಲಿ ಇದು ಮಾಮೂಲು, ಹೊಡೆಯುತ್ತಾ ಹೋದಂತೆ ನಯವಾಗುತ್ತದೆ. ಗುರಿ ತಪ್ಪಿತು ಅಂತ ಮದ್ದು ಜಾಸ್ತಿ ಮಾಡುವ ಮೊದಲು ಈ ಚೂರನ್ನು ನೋಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮದ್ದು ಬದಲಿಸಿದರೆ ಬಟ್ಟೆ ಹಾಗೇ ಇರಲಿ. ಬಟ್ಟೆ ಬದಲಿಸಿದರೆ ಗುಂಡು ಹಾಗೇ ಇರಲಿ. ಗಜ ಒತ್ತುವ ಬಲವೂ ಪ್ರತಿಸಲ ಒಂದೇ ಇರಬೇಕು. ಪ್ರತಿ ಈಡಿನ ನಂತರ ಒದ್ದೆ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ನಳಿಗೆ ಒರೆಸಿ. ಕೈಲ್‌ಪೊದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವವರನ್ನು ನೋಡಿ ಬೆಳೆದವನು ನಾನು. ಗೆಲ್ಲುತ್ತಿದ್ದವರು ಯಾರೂ ಅವಸರದವರಲ್ಲ.

ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳತೊಡಗಿದ ಮೇಲೆ ನೋಟ, ಅಂದರೆ ಗುರಿ ನೋಡಲು ನಳಿಗೆಯ ಮೇಲಿರುವ ಸೈಟ್, ಸರಿಮಾಡಿ. ಮುಂದಿನ ನೋಟದ ಕಂಬವನ್ನು ಕಿಟ್‌ನಲ್ಲಿ ಬೇಕೆಂದೇ ಎತ್ತರ ಕೊಟ್ಟಿರುತ್ತಾರೆ, ಗುಂಡು ಕೆಳಗೆ ಬೀಳುತ್ತದೆ. ಕಂಬವನ್ನು ಅರದಿಂದ ಚೂರುಚೂರೇ ತಗ್ಗಿಸಿದರೆ ಗುಂಡು ಮೇಲೇರುತ್ತದೆ. ಎಡಬಲಕ್ಕೆ ಹಿಂದಿನ ನೋಟವನ್ನು ಹಿತ್ತಾಳೆಯ ತುಂಡಿಟ್ಟು ತಟ್ಟಿ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ನೋಟವನ್ನು ಆ ಕಡೆಗೇ ಸರಿಸಬೇಕು.

ತೊಳೆಯುವುದನ್ನು ನಾಳೆಗೆ ಇಡಬೇಡಿ. ಕರಿಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ, ರಾತ್ರಿ ಬೆಳಗಾಗುವುದರೊಳಗೆ ತುಕ್ಕು. ಕೋವಿ ಖಾಲಿ ಇದೆ ಅಂತ ಗಜದ ಗುರುತಿನಿಂದ ಖಾತ್ರಿ ಮಾಡಿಕೊಂಡು, ನಿಪ್ಪಲ್ ಬಿಚ್ಚಿ, ನಳಿಗೆಯ ಹಿಂಭಾಗವನ್ನು ಸೋಪು ಹಾಕಿದ ಬಿಸಿನೀರಿನ ಬಕೆಟ್‌ನಲ್ಲಿಡಿ. ಗಜಕ್ಕೆ ಬಟ್ಟೆ ಸಿಕ್ಕಿಸಿ ಮೇಲೆ ಕೆಳಗೆ ಆಡಿಸಿದರೆ ನಿಪ್ಪಲ್ ತೂತಿನಿಂದ ನೀರು ಪಂಪಿನ ಥರ ಒಳಹೋಗಿ ಹೊರಬರುತ್ತದೆ. ಸ್ವಚ್ಛ ನೀರು ಬರುವವರೆಗೆ ಮಾಡಿ, ಒಣಗಿಸಿ, ಎಣ್ಣೆ ಹಚ್ಚಿ. ನಿಪ್ಪಲ್‌ನ ತಿರುಪಿಗೆ ಗ್ರೀಸು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ಸಲ ಬಿಚ್ಚಲು ಬರುವುದಿಲ್ಲ. ಮಾರನೆಯ ದಿನ ಒಂದು ಬಿಳಿ ಬಟ್ಟೆ ಒಳಗೆ ಹಾಕಿ ತೆಗೆಯಿರಿ. ಕೆಂಪು ಹತ್ತಿದ್ದರೆ ಇನ್ನೊಮ್ಮೆ ಒರೆಸಿ ಎಣ್ಣೆ ಹಚ್ಚಿ. ಮದ್ದು, ಕೇಪು, ಕೋವಿ ಮೂರನ್ನೂ ಬೇರೆಬೇರೆ ಕಡೆ ಬೀಗ ಹಾಕಿ ಇಡಿ.