ಮ್ಯಾಂಚೆಸ್ಟರ್‌ನಲ್ಲಿ ಮನೆ ಕೊಳ್ಳುವ ದಾವಣಗೆರೆಯವರಿಗೆ

"ಬಾಗಿಲು ಯಾವ ದಿಕ್ಕಿಗೈತಿ?" ಮ್ಯಾಂಚೆಸ್ಟರ್‌ನಲ್ಲಿ ಮನೆ ನೋಡುತ್ತಿದ್ದೇನೆ ಎಂದಾಗ ದಾವಣಗೆರೆಯಿಂದ ಅಪ್ಪಾಜಿ ಕೇಳಿದ ಮೊದಲ ಪ್ರಶ್ನೆ. ಎರಡನೆಯದು ನೀರಿನದು. ಗಿರಣಿಗಳ ಕಾಲದಲ್ಲಿ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರಲ್ಲ, ಎರಡೂ ಊರು ಒಂದೇ ಥರ ಎಂದುಕೊಂಡಿದ್ದರೋ ಏನೋ. ಅಲ್ಲಿ ಏಪ್ರಿಲ್ ಬಿಸಿಲು ಒಳಗೆ ಬರದಂತೆ ಮನೆ ಕಟ್ಟಿಸುತ್ತೇವೆ. ಇಲ್ಲಿ ದುಡ್ಡು ಕೊಟ್ಟು ಮಾಡಿದ ಬಿಸಿ ಹೊರಗೆ ಹೋಗಬಾರದು.

ಯಾವ ಮನೆ ಬಿಸಿ ಹಿಡಿದಿಡುತ್ತದೆ ಎಂದು ಹೇಳುವ ಕಾಗದಕ್ಕೆ ಇ.ಪಿ.ಸಿ. (ಎನರ್ಜಿ ಪರ್ಫಾರ್ಮೆನ್ಸ್ ಸರ್ಟಿಫಿಕೇಟ್) ಎನ್ನುತ್ತಾರೆ. ಮನೆ ಮಾರುವವರು ಇದನ್ನು ಮಾಡಿಸಲೇಬೇಕು. ಅದರಲ್ಲಿ ಮನೆಗೊಂದು ದರ್ಜೆ ಇರುತ್ತದೆ: ಎ ಎಲ್ಲಕ್ಕಿಂತ ಒಳ್ಳೆಯದು, ಜಿ ಎಲ್ಲಕ್ಕಿಂತ ಕಳಪೆ. 10 ವರ್ಷ ನಡೆಯುತ್ತದೆ. ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಪುಕ್ಕಟೆ ನೋಡಬಹುದು. ಪಕ್ಕದ ಮನೆಯವರದ್ದೂ ಸಿಗುತ್ತದೆ. ನಾನಂತೂ ನೋಡಿದ್ದೇನೆ.

ಕೊಳ್ಳುವವರು ಇದನ್ನು ನೋಡ್ತಾರಾ? ನಮ್ಮವರು ಮೊದಲು ನೋಡೋದು ಸ್ಕೂಲು, ಸ್ಟೇಷನ್ನು, ಅಡುಗೆಮನೆ. ನಾನೂ ಅಷ್ಟೇ. ನೂರು ವರ್ಷ ದಾಟಿದ ಕೆಂಪು ಇಟ್ಟಿಗೆ ಮನೆಗೆ ಮರುಳಾದೆ. ದರ್ಜೆ ಇ. ಮೊದಲ ಜನವರಿಯಲ್ಲಿ ಹೀಟಿಂಗ್ ಮಂಡಕ್ಕಿ ಭಟ್ಟಿಯ ಹಾಗೆ ಉರಿಯುತ್ತಿತ್ತು, ನಾವು ಮಾತ್ರ ಸೋಫಾ ಮೇಲೆ ಚಳ್ಳಕೆರೆ ಕಂಬಳಿ ಹೊದ್ದು ಕೂತಿದ್ದೆವು. ಊರಿಂದ ಬಂದ ಅಪ್ಪಾಜಿ ಗೋಡೆ ಮುಟ್ಟಿ, "ಬಾವಿ ಕಟ್ಟೆ ಇದ್ದಂಗೈತಲ್ಲೋ" ಅಂದರು.

ತಪ್ಪು ಗೋಡೆಯದೇ. 1920ಕ್ಕಿಂತ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಒಂದೇ ಗಟ್ಟಿ ಗೋಡೆ. ಆಮೇಲಿನ ಬಹಳಷ್ಟು ಮನೆಗಳಲ್ಲಿ ಎರಡು ಪದರ, ನಡುವೆ ಖಾಲಿ ಜಾಗ. ಆ ಜಾಗಕ್ಕೆ ಬಿಸಿ ಹೊರಗೆ ಹೋಗದಂತೆ ತಡೆಯುವ ಇನ್ಸುಲೇಷನ್ ತುಂಬಿಸೋದು ಸುಲಭ. ಗಟ್ಟಿ ಗೋಡೆಗೆ ಒಳಗೋ ಹೊರಗೋ ಹೊದಿಕೆ ಹಾಕಿಸಬೇಕು, ಸಾವಿರಾರು ಪೌಂಡು ಬೇಕು. ಅದಕ್ಕೇ ಇ.ಪಿ.ಸಿ.ಯಲ್ಲಿ ಮೇಲಿನ ಅಕ್ಷರ ನೋಡಿ ಸುಮ್ನಾಗಬೇಡಿ. ಕೆಳಗೆ ಗೋಡೆ, ಚಾವಣಿ, ಕಿಟಕಿ, ಹೀಟಿಂಗ್ ಬೇರೆ ಬೇರೆ ಬರೆದಿರುತ್ತಾರೆ. ಚಾವಣಿ ಕಳಪೆ ಎಂದಿದ್ದರೆ ಹೆದರಬೇಕಿಲ್ಲ. ಅಟ್ಟದಲ್ಲಿ 270 ಮಿಲಿಮೀಟರ್ ದಪ್ಪ ಉಣ್ಣೆಯಂಥದ್ದು ಹಾಸಿಸಿದರೆ ಮುಗೀತು, ಖರ್ಚೂ ಕಮ್ಮಿ. ಗೋಡೆ ಕಳಪೆ ಎಂದಿದ್ದರೆ ಬೆಲೆ ಇಳಿಸಲು ಕೇಳಿ.

ಇನ್ನೊಂದು ಮಾತು. ದರ್ಜೆಯ ಲೆಕ್ಕ ಇಂಧನದ ಖರ್ಚಿನ ಮೇಲೆ ನಿಂತಿದೆ. ಇಲ್ಲಿ ಗ್ಯಾಸಿಗಿಂತ ಕರೆಂಟು ದುಬಾರಿ. ಹಾಗಾಗಿ ಗೋಡೆ ಚೆನ್ನಾಗಿದ್ದರೂ ಕರೆಂಟ್ ಹೀಟರಿನ ಫ್ಲ್ಯಾಟಿಗೆ ಅಂಕ ಕಡಿಮೆ ಬೀಳಬಹುದು. ಆ ಲೆಕ್ಕವೂ ಒಂದು ಸರಾಸರಿ ಸಂಸಾರದ್ದು. ಅತ್ತೆ ಮಾವ ಬಂದು ಮೂರು ತಿಂಗಳು ಹಗಲೆಲ್ಲ ಹೀಟಿಂಗ್ ಹಾಕಿಕೊಂಡಿರುವುದು ಅದಕ್ಕೇನು ಗೊತ್ತು? ಮಾರುವವರ ಹಳೇ ಬಿಲ್ ಕೇಳಿ, ನಾಚಿಕೆ ಬೇಡ.

ಮುಂದೆ ಬಾಡಿಗೆಗೆ ಕೊಡುವ ಯೋಚನೆ ಇದ್ದರೆ, 2020ರ ಏಪ್ರಿಲ್‌ನಿಂದ ಇ ದರ್ಜೆಗಿಂತ ಕೆಳಗಿನ ಮನೆ, ವಿನಾಯಿತಿ ಸಿಗದಿದ್ದರೆ, ಬಾಡಿಗೆಗೆ ಕೊಡುವಂತಿಲ್ಲ. ಮನೆ ನೋಡಲು ಹೋದಾಗ ಅಟ್ಟಕ್ಕೂ ಹತ್ತಿ ನೋಡಿ. ಚಾವಣಿಯ ಒಳಭಾಗಕ್ಕೆ ನೊರೆಯಂಥ ಫೋಮ್ ಹೊಡೆಸಿದ್ದರೆ ಮೊದಲು ಸಾಲ ಕೊಡುವವರನ್ನು ಕೇಳಿ. ಅಂಥ ಮನೆಗೆ ಸಾಲ ಕೊಡಲು ಹಲವರು ಹಿಂದೇಟು ಹಾಕುತ್ತಾರೆ.