ಇನ್ಸರ್ಟ್ ಕೀ ಇಲ್ಲದ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ

ಎನ್‌ವಿಡಿಎ ಅಂದರೆ ಪರದೆಯ ಮೇಲಿರುವುದನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರ್, ಸ್ಕ್ರೀನ್ ರೀಡರ್. ಹೊಸ ಲ್ಯಾಪ್‌ಟಾಪ್ ತಗೊಂಡವರಿಂದ ನನಗೆ ಬರುವ ಫೋನು ಒಂದೇ ಥರ. "ಎನ್‌ವಿಡಿಎ ಮಾತಾಡ್ತಿದೆ ಸಾರ್, ಆದ್ರೆ ಹೇಳಿದ್ದು ಕೇಳ್ತಿಲ್ಲ!" ಕೆಟ್ಟಿರುವುದು ಏನೂ ಇಲ್ಲ. ಈ ಸ್ಕ್ರೀನ್ ರೀಡರಿನ ಕಮಾಂಡುಗಳಲ್ಲಿ ಬಹುಪಾಲು ಇನ್ಸರ್ಟ್ ಹಿಡಿದು ಒತ್ತುವಂಥವು. ಸಣ್ಣ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಸಲ ಆ ಕೀನೇ ಇರುವುದಿಲ್ಲ. ನಂಬರ್ ಪ್ಯಾಡ್ ಅಂತೂ ಮಾಯ.

ಇನ್ಸರ್ಟ್ ಕೆಲಸವನ್ನು ಕ್ಯಾಪ್ಸ್ ಲಾಕಿಗೆ ಕೊಡಬೇಕು. ಎನ್‌ವಿಡಿಎ ಮೊದಲ ಸಲ ತೆರೆದಾಗಲೇ ಇದನ್ನು ಕೇಳುತ್ತದೆ. ಆತುರದಲ್ಲಿ ಎಂಟರ್ ಒತ್ತಿಬಿಡುತ್ತೇವೆ ಅಲ್ವಾ, ಅಲ್ಲೇ ಎಡವಟ್ಟು. ಈಗ ಮೆನು ತೆರೆಯಲು ಇನ್ಸರ್ಟ್ ಬೇಕು, ಇನ್ಸರ್ಟ್ ಬದಲಿಸಲು ಮೆನು ಬೇಕು.

ದಾರಿ ಇದೆ. ವಿಂಡೋಸ್ ಕೀ ಹಿಡಿದು ಬಿ ಒತ್ತಿ. ಪರದೆಯ ಕೆಳಮೂಲೆಯ ಐಕಾನುಗಳಿಗೆ ಹೋಗುತ್ತೀರಿ. ಬಾಣದ ಕೀಗಳಲ್ಲಿ ಹುಡುಕಿ. ಎನ್‌ವಿಡಿಎ ಹೆಸರು ಕೇಳದಿದ್ದರೆ ಅಡಗಿದ ಐಕಾನುಗಳ ಬಟನ್ ಮೇಲೆ ಎಂಟರ್ ಒತ್ತಿ, ಒಳಗೆ ಹುಡುಕಿ. ಸಿಕ್ಕ ಮೇಲೆ ಎಂಟರ್. ಮೆನುವಿನಲ್ಲಿ ಪಿ, ಆಮೇಲೆ ಎಸ್. ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಕೀಬೋರ್ಡ್‌ಗೆ ಬನ್ನಿ. ಟ್ಯಾಬ್ ಒತ್ತಿದರೆ ಲೇಔಟ್: 'ಲ್ಯಾಪ್‌ಟಾಪ್' ಆರಿಸಿ. ಮತ್ತೆ ಟ್ಯಾಬ್, ಕೆಳಗಿನ ಪಟ್ಟಿಯಲ್ಲಿ ಕ್ಯಾಪ್ಸ್ ಲಾಕ್ ಮೇಲೆ ನಿಂತು ಸ್ಪೇಸ್ ಒತ್ತಿ ಟಿಕ್ ಹಾಕಿ, ಕೊನೆಗೆ ಎಂಟರ್. ಇನ್ಸರ್ಟ್ ಟಿಕ್ ತೆಗೆಯಬೇಡಿ. ನಾಳೆ ಹೊರಗಿನ ಕೀಬೋರ್ಡ್ ಸಿಕ್ಕಿಸಿದಾಗ ಬೇಕಾಗುತ್ತದೆ.

ಕೀಗಳನ್ನು ಅದಲುಬದಲು ಮಾಡುವ ಬೇರೆ ಸಾಫ್ಟ್‌ವೇರ್ ಹಾಕುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ. ಇನ್ನೊಬ್ಬರ ಕಂಪ್ಯೂಟರಿನಲ್ಲಿ ಕೈ ಕಟ್ಟಿದಂತಾಗುತ್ತದೆ. ಕೀಬೋರ್ಡಿನ ಮೇಲೆ ಹಾಸುವ ಸಿಲಿಕೋನ್ ಕವರ್ ಅಂತೂ ಕಿತ್ತು ಬಿಸಾಕಿ, ಅದಿದ್ದರೆ ಎಫ್ ಮತ್ತು ಜೆ ಮೇಲಿನ ಗೆರೆ ಬೆರಳಿಗೇ ಸಿಗುವುದಿಲ್ಲ.

ಇನ್ನೊಂದು ಎಚ್ಚರ. ಈಗ ಕ್ಯಾಪ್ಸ್ ಲಾಕ್ ಒಮ್ಮೆ ಒತ್ತಿದರೆ ದೊಡ್ಡಕ್ಷರ ಬರುವುದಿಲ್ಲ. ಬೇಗಬೇಗ ಎರಡು ಸಲ ಒತ್ತಿದರೆ ಬರುತ್ತದೆ. ಕೈ ನಡುಗಿ ಎರಡು ಸಲ ಬಿದ್ದರೂ ಬರುತ್ತದೆ! ನನ್ನ ಬಳಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಪಾಸ್‌ವರ್ಡ್ ಮೂರು ಸಲ ತಪ್ಪು ಹೊಡೆದು ಅಳುಮುಖ ಮಾಡಿದ್ದಳು. 'ಕ್ಯಾಪ್ಸ್ ಲಾಕ್ ಆನ್' ಅಂತ ಎನ್‌ವಿಡಿಎ ಹೇಳಿಯೇ ಇತ್ತು, ಇವಳು ಕೇಳಿಸಿಕೊಂಡಿರಲಿಲ್ಲ. ಕಮಾಂಡ್ ಕೊಡುವಾಗ ಕ್ಯಾಪ್ಸ್ ಲಾಕ್ ಒತ್ತಿ ಹಿಡಿದುಕೊಂಡೇ ಅಕ್ಷರ ಒತ್ತಿ, ಆಮೇಲೆ ಎರಡನ್ನೂ ಬಿಡಿ.

ಲೇಔಟ್ ಬದಲಾದ ಮೇಲೆ ಕೆಲವು ಕಮಾಂಡುಗಳೂ ಬದಲಾಗುತ್ತವೆ. ಪೂರ್ತಿ ಓದಿಸಲು ಕ್ಯಾಪ್ಸ್ ಲಾಕ್ ಮತ್ತು ಎ, ಒಂದು ಸಾಲಿಗೆ ಎಲ್ ಜೊತೆ. ಮಿಕ್ಕಿದ್ದಕ್ಕೆ ಕ್ಯಾಪ್ಸ್ ಲಾಕ್ ಮತ್ತು 1 ಒತ್ತಿ. ಯಾವ ಕೀ ಮುಟ್ಟಿದರೂ ಅದರ ಕೆಲಸ ಹೇಳುತ್ತದೆ. ಹೊರಬರಲು ಅದನ್ನೇ ಮತ್ತೆ ಒತ್ತಿ. ಇದು ಮರೆತು ಕಂಪ್ಯೂಟರ್ ಹ್ಯಾಂಗ್ ಆಯ್ತು ಅಂದವರು ಬಹಳ ಜನ. ರೈಟ್ ಕ್ಲಿಕ್ ಮೆನುವಿನ ಕೀ ಇಲ್ಲದಿದ್ದರೆ ಶಿಫ್ಟ್ ಮತ್ತು ಎಫ್10.

ಕನ್ನಡ ಟೈಪ್ ಮಾಡುವ 'ನುಡಿ' ಸಾಫ್ಟ್‌ವೇರಿನಲ್ಲಿ ಕನ್ನಡಕ್ಕೆ ಹೋಗಲು ಬೇಕಾದ ಸ್ಕ್ರೋಲ್ ಲಾಕ್ ಕೂಡ ಇಂಥ ಲ್ಯಾಪ್‌ಟಾಪಿನಲ್ಲಿ ಸಿಗುವುದು ಕಷ್ಟ. ಅದಕ್ಕೆ ಸರ್ಕಸ್ ಬೇಡ. ವಿಂಡೋಸಿನದೇ ಕನ್ನಡ ಕೀಬೋರ್ಡ್ ಸೇರಿಸಿಕೊಂಡು ವಿಂಡೋಸ್ ಮತ್ತು ಸ್ಪೇಸ್ ಒತ್ತಿ ಬದಲಿಸಿ. ಅದು ಯೂನಿಕೋಡ್, ಅಂದರೆ ಕನ್ನಡ ಅಕ್ಷರವನ್ನು ಕನ್ನಡವೆಂದೇ ಗುರುತಿಸುವ ಸಂಕೇತ; ಕನ್ನಡದ ಧ್ವನಿ ಆರಿಸಿಕೊಂಡಿದ್ದರೆ ಎನ್‌ವಿಡಿಎ ಕನ್ನಡವಾಗಿಯೇ ಓದುತ್ತದೆ. ಹಳೆಯ ನುಡಿ ಫಾಂಟಿನ ಫೈಲು ಕೊಟ್ಟರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವೇ ಕಿವಿಗೆ ಬೀಳುವುದು.