ಡಿಬಿ ಸ್ಪೆಕ್ಟ್ರಂಗೆ ಅಸೆಂಬ್ಲರ್ ಏರಿಸಿದೆ, ಕ್ಯಾಸೆಟ್ ಇಲ್ಲದೆ

"ಆ ಡಬ್ಬಿಗೆ ಸಾಫ್ಟ್‌ವೇರ್ ಎಲ್ಲಿಂದ ತರ್ತೀಯೋ ಮಾರಾಯ? ಕ್ಯಾಸೆಟ್ ಎಲ್ಲಾ ಬೂಷ್ಟು ಹಿಡದ್ ಹೋಗ್ಯಾವು" ಅಂತ ದುರ್ಗದಬೈಲ್ ಕಡೆಯ ರಿಪೇರಿ ಗೆಳೆಯರು ವರ್ಷಗಟ್ಟಲೆ ಕಾಡಿಸಿದರು. ಡಬ್ಬಿ ಅಂದರೆ ನನ್ನ ಹಳೆ ಡಿಬಿ ಸ್ಪೆಕ್ಟ್ರಂ ಕಂಪ್ಯೂಟರ್, ಅದರ ಪ್ರೋಗ್ರಾಮ್‌ಗಳು ಕ್ಯಾಸೆಟ್‌ನಲ್ಲಿ ದನಿಯಾಗಿ ಬರುತ್ತಿದ್ದವು. ಈಗ ಅದೇ ಡಬ್ಬಿಯ ಮೇಲೆ ಹೈಸಾಫ್ಟ್‌ನ ಡೆವ್‌ಪ್ಯಾಕ್ ಓಡುತ್ತಿದೆ. ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವ ಅಸೆಂಬ್ಲರ್ ಜೆನ್ಸ್, ತಪ್ಪು ಹುಡುಕುವ ಮಾನ್ಸ್ ಎರಡೂ ಇವೆ. ಬಂದು ನೋಡಿದವರು ಮಾತಾಡದೆ ಚಹಾ ಕುಡಿದು ಹೋದರು.

ಮಷಿನ್ ಪುಣೆಯ ಡೆಸಿಬೆಲ್ಸ್ ಕಂಪನಿಯವರ ಸ್ಪೆಕ್ಟ್ರಂ ಪ್ಲಸ್, 48 ಕೆ ಮೆಮೊರಿಯದ್ದು. ಗುಜರಿಯಲ್ಲಿ ಎರಡು ಸಾವಿರದ ಆಸುಪಾಸಿಗೆ ಸಿಕ್ಕಿತು. ಯಾವ ಗುಜರಿ ಅಂತ ಕೇಳಬೇಡಿ. ಕೀಬೋರ್ಡಿನ ಒಳಗಿನ ಹಾಳೆ, ಮೆಂಬ್ರೇನ್, ಸತ್ತಿತ್ತು, ಹೊರದೇಶದಿಂದ ತರಿಸಿದ್ದಕ್ಕೆ ಕಸ್ಟಮ್ಸ್ ಸೇರಿ ಮೂರು ಸಾವಿರ ದಾಟಿತು. ಮೂಗಿಗಿಂತ ಮೂಗುತಿ ಭಾರ.

ದುಡ್ಡು ಸುಮ್ಮನೆ ಹೋದದ್ದು ಟೇಪ್ ಡೆಕ್ ಮೇಲೆ. ಎಂಟು ನೂರೋ ಒಂಬೈನೂರೋ ಕೊಟ್ಟೆ. ಬೆಲ್ಟ್ ಕರಗಿ ಟಾರಿನಂತೆ ಪುಲ್ಲಿಗೆ ಅಂಟಿಕೊಂಡಿತ್ತು. ಬೆಲ್ಟ್ ಹಾಕಿದೆ, ಹೆಡ್ಡಿನ ತಿರುಪು ಕೂದಲೆಳೆಯಷ್ಟು ಅತ್ತಿತ್ತ ಮಾಡಿದೆ, ಖಾಲಿ ಕ್ಯಾಸೆಟ್‌ಗೆ ಬೇರೆ ದುಡ್ಡು ಸುರಿದೆ. ಪ್ರತಿ ಸಲ ಪರದೆ ಮೇಲೆ ಅದೇ 'ಆರ್ ಟೇಪ್ ಲೋಡಿಂಗ್ ಎರರ್'. ಡೆಕ್ ಈಗ ಅಟ್ಟದ ಮೇಲಿದೆ.

ಕ್ಯಾಸೆಟ್ ಬದಲು ಮೊಬೈಲಿನಿಂದಲೇ ದನಿ ಕೊಡೋಣ ಅಂದಾಗ ಎಲ್ಲರೂ ನಕ್ಕರು. ಅವರೂ ಪ್ರಯತ್ನ ಮಾಡಿದವರೇ, ಆದರೆ ಎಂಪಿ3 ಮಾಡಿಕೊಂಡು, ಇಲ್ಲವೇ ಬ್ಲೂಟೂತ್‌ನಲ್ಲಿ. ಎಂಪಿ3 ಅಲೆಯ ಆಕಾರವನ್ನೇ ಕೆಡಿಸುತ್ತದೆ. ನಾನು ವರ್ಲ್ಡ್ ಆಫ್ ಸ್ಪೆಕ್ಟ್ರಂ ಎಂಬ ಆನ್‌ಲೈನ್ ಭಂಡಾರದ ಟೇಪ್ ಫೈಲನ್ನು ಮೊದಲು ಲ್ಯಾಪ್‌ಟಾಪಿನಲ್ಲಿ ಸ್ಪೆಕ್ಟ್ರಂನಂತೆ ನಡೆದುಕೊಳ್ಳುವ ಫ್ಯೂಸ್ ಎಮ್ಯುಲೇಟರ್‌ನಲ್ಲಿ ಓಡಿಸಿ ನೋಡಿ, ಟೇಪ್2ವೇವ್‌ನಿಂದ 44,100 ಹರ್ಟ್ಸ್‌ನ ವೇವ್ ಆಡಿಯೋ ಫೈಲ್ ಮಾಡಿಕೊಂಡೆ. ಈಕ್ವಲೈಸರ್, ಡಾಲ್ಬಿ ಎಲ್ಲ ಬಂದ್. ಏರೋಪ್ಲೇನ್ ಮೋಡ್ ಕಡ್ಡಾಯ, ನಡುವೆ ಒಂದು ವಾಟ್ಸಾಪ್ 'ಟಿಂಗ್' ಬಂದರೂ ಲೋಡ್ ಮುಗಿದಂತೆ.

ಇಷ್ಟಾದರೂ ಆಗಲಿಲ್ಲ. ಇಂದಿನ ಮೊಬೈಲಿನ ಸಿಗ್ನಲ್ ಸ್ಪೆಕ್ಟ್ರಂಗೆ ಟೇಪಿನ ದನಿ ಒಳಹೋಗುವ ಇಯರ್ ಸಾಕೆಟ್‌ಗೆ ಸಾಲದು. ಹಳೆ ಕಂಪ್ಯೂಟರ್ ಸ್ಪೀಕರಿನ ಆಂಪ್ಲಿಫಯರ್ ಬೋರ್ಡ್ ಕಿತ್ತು ನಡುವೆ ಕೂಡಿಸಿದೆ, ಎಡ ಚಾನೆಲ್ ಒಂದನ್ನೇ ಎಳೆದೆ, ಬಲದ್ದು ಹಾಗೇ ಬಿಟ್ಟೆ. ಮುಂದೆ ಒಂದು ರೆಸಿಸ್ಟರ್ ಇದೆ, ಅದರ ಓಮ್ಸ್ ಇಲ್ಲಿ ಬರೆಯೋದಿಲ್ಲ. ಖರ್ಚು ನೂರೈವತ್ತರ ಒಳಗೆ.

ಜೆ ಒತ್ತಿದರೆ ಲೋಡ್ ಆಜ್ಞೆ ಬರುತ್ತದೆ, ಎರಡು ಕೋಟ್ ಹಾಕಿ ಎಂಟರ್, ಆಮೇಲೆ ಮೊಬೈಲಿನಲ್ಲಿ ಫೈಲ್ ಹಚ್ಚಿ. ಪರದೆಯ ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟಿಗಳು ದಪ್ಪಗೆ, ಒಂದೇ ಅಳತೆಯಲ್ಲಿ ತೇಲಬೇಕು. ಒಂದು ದಪ್ಪ ಒಂದು ತೆಳ್ಳಗೆ ಕಂಡರೆ ಅಲ್ಲೇ ನಿಲ್ಲಿಸಿ ವಾಲ್ಯೂಮ್ ಸರಿಪಡಿಸಿ. ಆಮೇಲೆ ನೀಲಿ-ಹಳದಿ ಎಳೆಗಳು ಶುರುವಾದವೋ, ಡೇಟಾ ಇಳಿಯುತ್ತಿದೆ ಅಂತ ಅರ್ಥ. ಮೆಮೊರಿ ತುಂಬುವ ದೊಡ್ಡ ಪ್ರೋಗ್ರಾಮ್ ಆದರೆ ಐದು ನಿಮಿಷದಷ್ಟು ಬೇಕು.

ಇದರ ನಡುವೆ 5 ವೋಲ್ಟ್ ಕೊಡುವ, ಬಿಸಿಯಾಗುವ 7805 ರೆಗ್ಯುಲೇಟರ್ ಕಿತ್ತು ಸ್ವಿಚಿಂಗ್ ಮಾಡ್ಯೂಲ್ ಹಾಕಿದೆ. ಹುಬ್ಬಳ್ಳಿಯ ಏಪ್ರಿಲ್‌ನಲ್ಲೂ ಹೀಟ್‌ಸಿಂಕ್ ಮುಟ್ಟಬಹುದು. ಇನ್ನೊಂದು ಹುಚ್ಚು: ಮಷಿನ್ ಜೊತೆ ದಾಸರ ಪದದ ಕ್ಯಾಸೆಟ್ ಬಂದಿತ್ತು. ಬಿ ಸೈಡಿನಲ್ಲಿ ಕೀರಲು ದನಿ. ಲ್ಯಾಪ್‌ಟಾಪಿಗೆ ತೆಗೆದು ದನಿಯನ್ನು ಟೇಪ್ ಫೈಲ್ ಮಾಡುವ ಆಡಿಯೋ2ಟೇಪ್‌ಗೆ ಕೊಟ್ಟರೆ ಯಾರೋ ಮಾಸ್ತರು ಬೇಸಿಕ್ ಭಾಷೆಯಲ್ಲಿ ಬರೆದ ಅಂಕಪಟ್ಟಿ! ಅದರಲ್ಲಿ 33, 34 ಬಂದವರನ್ನು 35ಕ್ಕೆ ಏರಿಸುವ ಸಾಲೂ ಇದೆ.

ದಿನದ ಕೆಲಸಕ್ಕೆ ಈಗ ಪಾಸ್ಮೋ, ಲ್ಯಾಪ್‌ಟಾಪಿನ ಮೇಲೆ ಓಡುವ ಅಸೆಂಬ್ಲರ್. ಲ್ಯಾಪ್‌ಟಾಪಿನಲ್ಲಿ ಬರೆದು ಟ್ಯಾಪ್‌ಬಾಸ್ ಆಪ್ಷನ್ ಕೊಟ್ಟರೆ ಬೇಸಿಕ್ ಲೋಡರ್ ಸಮೇತ ಟೇಪ್ ಫೈಲ್ ತಯಾರು. ಸಿ ಭಾಷೆ ಬೇಕಾದವರಿಗೆ ಝಡ್88ಡಿಕೆ ಇದೆ, ನನಗೆ ಅಷ್ಟು ರುಚಿಸಲಿಲ್ಲ. ಮುಂದಿನ ಆಸೆ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ತಂದ 1984ರ ಕ್ಲಾಸ್ ಯೋಜನೆಯಲ್ಲಿ ಬಂದಿದ್ದ ಬಿಬಿಸಿ ಮೈಕ್ರೋ ಕಂಪ್ಯೂಟರ್. ಅದರ ಬೇಸಿಕ್ ಒಳಗೇ ಅಸೆಂಬ್ಲರ್ ಇದೆ, ಹುಡುಕುವ ಗೋಜೇ ಇಲ್ಲ. ಗದಗ, ಹಾವೇರಿ ಕಡೆ ಯಾವುದಾದರೂ ಶಾಲೆಯ ಕೋಣೆಯಲ್ಲಿ ಬಿದ್ದಿದ್ದರೆ ತಿಳಿಸಿ. ಬೆಲೆ ಮಾತ್ರ ಗುಜರಿ ಬೆಲೆಯೇ ಹೇಳಬೇಕು.